ನಾರಾದ ಗೋಡೆಯಿಲ್ಲದ ದೇಗುಲ

ಜಪಾನಿನ ನಾರಾ ನಗರದಲ್ಲಿ ಕಿಂತೆತ್ಸು ರೈಲು ನಿಲ್ದಾಣದಿಂದ ಹೊರಬಿದ್ದು ಪೂರ್ವಕ್ಕೆ ಏರುರಸ್ತೆ ಹಿಡಿದು ಐದಾರು ನಿಮಿಷ ನಡೆದರೆ ಕೋಫುಕುಜಿ ಎಂಬ ಬೌದ್ಧ ದೇವಾಲಯದ ಆವರಣ ಸಿಗುತ್ತದೆ. ಅದರೊಳಗೆ ಕಾಲಿಟ್ಟದ್ದು ಯಾವಾಗ ಎಂಬುದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಹೆಬ್ಬಾಗಿಲಿಲ್ಲ, ಪೌಳಿಗೋಡೆಯಿಲ್ಲ. ರಸ್ತೆ ಮುಗಿದು ಹುಲ್ಲು ಶುರುವಾಗುತ್ತದೆ, ಮರದಡಿ ಜಿಂಕೆಗಳು ಮಲಗಿರುತ್ತವೆ, ಅವುಗಳ ಹಿಂದೆ ಐವತ್ತು ಮೀಟರ್ ಎತ್ತರದ ಐದಂತಸ್ತಿನ ಪಗೋಡ. ಇಲ್ಲಿಂದ ಕೂಗಳತೆಯಲ್ಲಿರುವ ತೋದೈಜಿಗೆ ಭಾರಿ ದಕ್ಷಿಣ ಮಹಾದ್ವಾರವಿದೆ. ಊರಾಚೆಯ ಹೋರ್ಯೂಜಿಗೆ ಉದ್ದಾನುದ್ದ ಮಣ್ಣಿನ ಗೋಡೆಗಳಿವೆ. ಒಂದು ಕಾಲಕ್ಕೆ ಇಡೀ ಸೀಮೆಯನ್ನೇ ಆಳಿದ ಕೋಫುಕುಜಿ ಮಾತ್ರ ಬಯಲಿಗೆ ಬಿದ್ದಂತೆ ನಿಂತಿದೆ.

ಗೋಡೆಗಳು ಕಾಲಕ್ಕೆ ಸಿಕ್ಕಿ ತಾವಾಗಿ ಕುಸಿದದ್ದಲ್ಲ. 1870ರ ದಶಕದ ಆರಂಭದಲ್ಲಿ, ದೇವಾಲಯದ ಹೆಸರನ್ನೇ ಸರ್ಕಾರಿ ಕಡತದಿಂದ ಹೊಡೆದುಹಾಕಿದ ಮೇಲೆ, ಅವನ್ನು ಕೆಡವಿ ನೆಲ ಸಮ ಮಾಡಲಾಯಿತು. ಪ್ರವಾಸಿಗರು ಜಿಂಕೆಗೆ ಬಿಸ್ಕತ್ತು ತಿನ್ನಿಸುತ್ತ ಓಡಾಡುವ ಸುಪ್ರಸಿದ್ಧ ನಾರಾ ಉದ್ಯಾನದ ಒಂದು ದೊಡ್ಡ ಭಾಗ ಹೀಗೆ ಕಳೆದುಹೋದ ದೇಗುಲದ ಅಂಗಳವೇ. ‘ಪ್ರಾಚೀನ ನಾರಾ’ ಎಂದು ನಾವು ನೋಡಿಬರುವ ಊರಿಗೆ ಈಗಿನ ರೂಪ ಬಂದದ್ದು 1868ರಿಂದ 1897ರ ನಡುವಿನ ಮೂವತ್ತು ವರ್ಷಗಳಲ್ಲಿ. ಏನು ಉಳಿಯಬೇಕು, ಏನು ಅಳಿಯಬೇಕು ಎಂಬುದು ಆಗ ತೀರ್ಮಾನವಾಯಿತು. ಆ ತೀರ್ಮಾನದಲ್ಲಿ ಭಕ್ತಿಗಿಂತ ಹೆಚ್ಚಿನ ಪಾಲು ಜಮೀನಿನದು, ಆದಾಯದ್ದು, ಮತ್ತು ‘ಇದು ಯಾರದು’ ಎಂಬ ಪ್ರಶ್ನೆಯದು.

ಒಂದೇ ಮನೆಯ ದೇವರು ಮತ್ತು ಬುದ್ಧ

ನಾರಾ ಜಪಾನಿನ ರಾಜಧಾನಿಯಾದದ್ದು 710ರಲ್ಲಿ. ಆಸ್ಥಾನದಲ್ಲಿ ಎಲ್ಲರಿಗಿಂತ ಪ್ರಬಲವಾಗಿದ್ದ ಫುಜಿವಾರ ಮನೆತನ ತನ್ನ ಕುಲದೇಗುಲವಾದ ಕೋಫುಕುಜಿಯನ್ನು ಹೊಸ ರಾಜಧಾನಿಗೆ ತಂದು ನಿಲ್ಲಿಸಿತು. ಅದೇ ಮನೆತನದ ಕುಲದೇವರುಗಳಿಗೆ ಪೂರ್ವದ ಬೆಟ್ಟದ ಬುಡದಲ್ಲಿ ಕಾಸುಗಾ ಎಂಬ ಶಿಂಟೊ ಗುಡಿ ಎದ್ದಿತು. ಗುಡಿಯ ಸ್ಥಾಪನೆ 768ರಲ್ಲಿ ಎಂದು ಸಂಪ್ರದಾಯ ಹೇಳುತ್ತದೆ. ಅಲ್ಲಿನ ದೇವರು ಬಿಳಿ ಜಿಂಕೆಯನ್ನೇರಿ ಬಂದನೆಂಬ ಕತೆಯಿಂದಾಗಿ ನಾರಾದ ಜಿಂಕೆಗಳೆಲ್ಲ ದೇವರ ಪರಿವಾರವಾದವು.

784ರಲ್ಲಿ ರಾಜಧಾನಿ ನಾರಾ ಬಿಟ್ಟು ಹೋಯಿತು, ದೇವಾಲಯಗಳು ಉಳಿದವು. ಮುಂದಿನ ಶತಮಾನಗಳಲ್ಲಿ ಕೋಫುಕುಜಿ ಮತ್ತು ಕಾಸುಗಾ ಬೇರ್ಪಡಿಸಲಾಗದಂತೆ ಹೆಣೆದುಕೊಂಡವು. ಶಿಂಟೊ ದೇವತೆಗಳು ಬುದ್ಧ-ಬೋಧಿಸತ್ವರೇ ಈ ನೆಲದಲ್ಲಿ ತಾಳಿದ ಅವತಾರಗಳು ಎಂಬ ನಂಬಿಕೆ ದೇಶವಿಡೀ ಹಬ್ಬಿತ್ತು. ಕಾಸುಗಾದ ಒಂದೊಂದು ದೇವತೆಗೂ ಮೂಲವಾದ ಬುದ್ಧನೋ ಬೋಧಿಸತ್ವನೋ ಇದ್ದ. ಭಿಕ್ಷುಗಳು ಗುಡಿಯ ಮುಂದೆ ಕುಳಿತು ಸೂತ್ರ ಪಠಿಸುತ್ತಿದ್ದರು. ಕ್ಯೋಟೋದ ಆಸ್ಥಾನದೊಂದಿಗೆ ಜಗಳ ಬಂದಾಗ ಕಾಸುಗಾ ದೇವರ ಪವಿತ್ರ ಮರದ ಕೊಂಬೆಯನ್ನು ಹೊತ್ತು ರಾಜಧಾನಿಗೇ ಮೆರವಣಿಗೆ ಹೋಗುತ್ತಿದ್ದರು. ದೇವರು ಬಾಗಿಲಿಗೆ ಬಂದು ನಿಂತಾಗ ಎದುರಾಡುವ ಧೈರ್ಯ ಆಸ್ಥಾನಿಕರಿಗೆ, ಅದರಲ್ಲೂ ಆ ದೇವರನ್ನೇ ಕುಲದೈವವೆಂದು ನಂಬಿದ ಫುಜಿವಾರರಿಗೆ, ಇರಲಿಲ್ಲ.

ಮಧ್ಯಯುಗದಲ್ಲಿ ನಾರಾ ಸೀಮೆಯ, ಎಂದರೆ ಯಾಮಾತೊ ಪ್ರಾಂತ್ಯದ ಆಡಳಿತವೇ ಕೋಫುಕುಜಿಯ ಕೈಯಲ್ಲಿತ್ತು. ಹದಿನಾರನೆಯ ಶತಮಾನದ ಕೊನೆಗೆ ಸೇನಾನಾಯಕ ತೊಯೊತೊಮಿ ಹಿದೆಯೋಶಿ ದೇಶದ ಭೂಮಿಯನ್ನೆಲ್ಲ ಅಳೆಸಿ ದೇವಾಲಯಗಳ ಬಲ ಮುರಿದಾಗಲೂ ಕಾಸುಗಾ-ಕೋಫುಕುಜಿ ಜೋಡಿಗೆ 21,000 ಕೊಕುವಿಗೂ ಮಿಕ್ಕ ಉಂಬಳಿ ಉಳಿಯಿತು. ಒಂದು ಕೊಕು ಎಂದರೆ ಒಬ್ಬನಿಗೆ ವರ್ಷವಿಡೀ ಸಾಲುವಷ್ಟು ಅಕ್ಕಿ. ಹಿದೆಯೋಶಿಯ ನಂತರ ದೇಶವನ್ನಾಳಿದ ತೊಕುಗಾವ ಶೋಗನ್‌ಗಳ ಕಾಲದಲ್ಲೂ ಈ ಆದಾಯಕ್ಕೆ ಧಕ್ಕೆ ಬರಲಿಲ್ಲ.

ಕೋಫುಕುಜಿಯ ದೌರ್ಬಲ್ಯ ಅಡಗಿದ್ದದ್ದು ಈ ಸಂಪತ್ತಿನಲ್ಲೇ. ಶೋಗನ್‌ಗಳ ಕಾಲದಲ್ಲಿ ಜಪಾನಿನ ಪ್ರತಿ ಕುಟುಂಬವೂ ಯಾವುದಾದರೊಂದು ಬೌದ್ಧ ದೇವಾಲಯದಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕಿತ್ತು. ಹುಟ್ಟು-ಸಾವು, ತಿಥಿ-ಶ್ರಾದ್ಧ ಎಲ್ಲ ಅಲ್ಲೇ. ಹಳ್ಳಿಯ ಸಣ್ಣ ಗುಡಿಗೂ ಹೀಗೆ ಒಂದಷ್ಟು ಒಕ್ಕಲು ಮನೆಗಳು ಇರುತ್ತಿದ್ದವು. ನಾರಾದ ಪುರಾತನ ದೇವಾಲಯಗಳಿಗೆ ಅಂಥ ಒಕ್ಕಲೇ ಇರಲಿಲ್ಲ. ಅವು ರಾಜಕುಲಕ್ಕೆ, ರಾಷ್ಟ್ರಕ್ಕೆ ಪೂಜೆ ಸಲ್ಲಿಸುವ, ಶಾಸ್ತ್ರಾಧ್ಯಯನ ನಡೆಸುವ ಸಂಸ್ಥೆಗಳು. ಕೋಫುಕುಜಿಯ ಹಿರಿಯ ಪೀಠಗಳಾದ ಇಚಿಜೋಇನ್ ಮತ್ತು ದೈಜೋಇನ್‌ಗಳಿಗೆ ರಾಜವಂಶದಿಂದಲೋ ಫುಜಿವಾರರ ಅತ್ಯುಚ್ಚ ಮನೆಗಳಿಂದಲೋ ಮಕ್ಕಳು ಬಂದು ಕೂರುತ್ತಿದ್ದರು. ಮೇಲಿನ ಹಂತದ ಭಿಕ್ಷುಗಳೆಲ್ಲ ಕ್ಯೋಟೋದ ಶ್ರೀಮಂತರ ಕಿರಿಯ ಪುತ್ರರು. ದೇಗುಲಕ್ಕೆ ಒಡೆಯರಿದ್ದರು, ಆದಾಯವಿತ್ತು, ಅಧಿಕಾರವಿತ್ತು. ‘ನಮ್ಮದು’ ಎನ್ನುವ ಊರಮಂದಿ ಇರಲಿಲ್ಲ.

ಕಾಷಾಯ ಕಳಚಿದ ವಸಂತ

1868ರ ಜನವರಿಯಲ್ಲಿ ಶೋಗನ್ ಆಳ್ವಿಕೆ ಉರುಳಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಬಂತು. ಸೂರ್ಯದೇವತೆ ಅಮಾತೆರಾಸುವಿನ ವಂಶಜನೆಂಬುದೇ ಚಕ್ರವರ್ತಿಯ ಅಧಿಕಾರಕ್ಕೆ ಆಧಾರ. ಬೌದ್ಧಧರ್ಮ ಹೊರಗಿನಿಂದ ಬಂದದ್ದು, ಅದು ಬೆರೆಯುವ ಮೊದಲಿನ ಶುದ್ಧ ಶಿಂಟೊವನ್ನು ಮರಳಿ ತರಬೇಕು ಎಂದು ವಾದಿಸುತ್ತಿದ್ದ ಪಂಡಿತರು ಹೊಸ ಸರ್ಕಾರದ ಧಾರ್ಮಿಕ ಇಲಾಖೆಯಲ್ಲಿ ಕುಳಿತರು. ಅದೇ ವರ್ಷದ ಏಪ್ರಿಲ್‌ನಲ್ಲಿ ಒಂದರ ಹಿಂದೊಂದು ಆಜ್ಞೆಗಳು ಹೊರಟವು: ಶಿಂಟೊ ಗುಡಿಗಳಲ್ಲಿ ಸೇವೆಯಲ್ಲಿರುವ ಭಿಕ್ಷುಗಳು ಕೂದಲು ಬೆಳೆಸಿ ಲೌಕಿಕರಾಗಬೇಕು. ಗುಡಿಗಳಲ್ಲಿ ದೇವರೆಂದು ಪೂಜಿಸುವ ಬುದ್ಧವಿಗ್ರಹ, ಘಂಟೆ, ಬೌದ್ಧ ಉಪಕರಣಗಳನ್ನು ತೆಗೆದುಹಾಕಬೇಕು.

ಆಜ್ಞೆಯಲ್ಲಿದ್ದ ಮಾತು ‘ಬೇರ್ಪಡಿಸಿ’ ಎಂದಷ್ಟೇ. ‘ಒಡೆಯಿರಿ’ ಎಂದು ಎಲ್ಲೂ ಇರಲಿಲ್ಲ. ಆದರೆ ಆಜ್ಞೆ ಹೊರಟ ಕೆಲವೇ ದಿನಗಳಲ್ಲಿ, ಬಿವಾ ಸರೋವರದ ದಡದ ಹಿಯೋಶಿ ಗುಡಿಗೆ ಆಯುಧ ಹಿಡಿದ ಗುಂಪೊಂದು ನುಗ್ಗಿ ಬುದ್ಧವಿಗ್ರಹಗಳನ್ನೂ ಸೂತ್ರಗ್ರಂಥಗಳನ್ನೂ ರಾಶಿ ಹಾಕಿ ಸುಟ್ಟಿತು. ಅದರ ಮುಂದಾಳು ಆ ಗುಡಿಯ ಅರ್ಚಕನೇ. ಶತಮಾನಗಳ ಕಾಲ ಭಿಕ್ಷುಗಳ ಕೈಕೆಳಗೆ ದುಡಿದ ಅರ್ಚಕರ ಸಿಟ್ಟಿಗೆ ದಾರಿ ಸಿಕ್ಕಿತ್ತು. ಹಿಂಸೆಗೆ ಇಳಿಯಬೇಡಿ ಎಂದು ಸರ್ಕಾರ ಮತ್ತೆ ಎಚ್ಚರಿಕೆ ಹೊರಡಿಸಬೇಕಾಯಿತು.

ನಾರಾದಲ್ಲಿ ಇಂಥ ದಾಳಿಯೇನೂ ನಡೆಯಲಿಲ್ಲ. ಅದರ ಅಗತ್ಯವೇ ಬೀಳಲಿಲ್ಲ. ಎರಡು ಹಿರಿಯ ಪೀಠಗಳೂ ತಾವಾಗಿಯೇ ಮುಂದೆ ಬಂದು ಸನ್ಯಾಸ ಬಿಡಲು ಅನುಮತಿ ಬೇಡಿದವು. ಉಳಿದ ಭಿಕ್ಷುಗಳು ಹಿಂಬಾಲಿಸಿದರು. ಸಾವಿರದ ನೂರೈವತ್ತು ವರ್ಷಗಳಿಂದ ನಡೆದುಬಂದ ಸಂಘ ಕೆಲವೇ ವಾರಗಳಲ್ಲಿ ಖಾಲಿಯಾಯಿತು. ನಿನ್ನೆಯವರೆಗೆ ಸೂತ್ರ ಪಠಿಸುತ್ತಿದ್ದವರು ಕಾಷಾಯ ಕಳಚಿ ಕಾಸುಗಾ ಗುಡಿಯ ‘ಹೊಸ ಅರ್ಚಕ’ರಾದರು. ಶ್ರೀಮಂತ ಮೂಲದ ಭಿಕ್ಷುಗಳಿಗೆ ಮುಂದೆ ಸರ್ಕಾರ ಕುಲೀನ ಪದವಿಯನ್ನೂ ಕೊಟ್ಟಿತು. ಜಪಾನಿನ ಇತಿಹಾಸದಲ್ಲಿ ಅವರಿಗೆ ‘ನಾರಾ ಕುಲೀನರು’ ಎಂದೇ ಹೆಸರು. ಒಟ್ಟು 26 ಮನೆತನಗಳು.

ಅವರನ್ನು ಹೇಡಿಗಳೆಂದು ಹಳಿಯುವುದು ಸುಲಭ. ಅವರ ಕಣ್ಣಿಂದ ನೋಡಿದರೆ ಹೇಳಿದ್ದು ಚಕ್ರವರ್ತಿ, ಕೇಳಿದ್ದು ಚಕ್ರವರ್ತಿಯ ಬಂಧುಬಳಗ. ಗುಡಿಯೂ ಅವರದೇ ಕುಲದ್ದು, ದೇಗುಲವೂ ಅವರದೇ ಕುಲದ್ದು. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದಷ್ಟೇ ಸಲೀಸಾಗಿ ಅವರು ಹೋದರು. ಹಿಂದೆ ಬಿಟ್ಟ ಕೋಣೆಯಲ್ಲಿದ್ದ ವಿಗ್ರಹಗಳಿಗೆ ದೀಪ ಹಚ್ಚುವವರಿಲ್ಲದಾಯಿತು. ಕಟ್ಟಡಗಳ ಉಸ್ತುವಾರಿಯನ್ನು ನಾರಾದ ಇನ್ನೆರಡು ದೇವಾಲಯಗಳಾದ ಸೈದೈಜಿ ಮತ್ತು ತೋಶೋದೈಜಿಗಳಿಗೆ ವಹಿಸಲಾಯಿತು.

ಹೇಳುವವರು ಕೇಳುವವರಿಲ್ಲದ ದೇಗುಲ

ನಿಜವಾದ ಪೆಟ್ಟು ಬಿದ್ದದ್ದು 1871ರಲ್ಲಿ. ದೇಗುಲ-ಗುಡಿಗಳ ಆವರಣ ಬಿಟ್ಟು ಉಳಿದ ಜಮೀನನ್ನೆಲ್ಲ ಸರ್ಕಾರ ವಶಪಡಿಸಿಕೊಂಡಿತು. ಒಕ್ಕಲು ಮನೆಗಳಿದ್ದ ದೇವಾಲಯಗಳು ಶ್ರಾದ್ಧದ ದಕ್ಷಿಣೆಯಲ್ಲಿ ಹೇಗೋ ಕಾಲ ಹಾಕಿದವು. ಉಂಬಳಿಯನ್ನೇ ನಂಬಿದ್ದ ನಾರಾದ ದೇವಾಲಯಗಳಿಗೆ ಹೊಟ್ಟೆಪಾಡೇ ಕಡಿದುಹೋಯಿತು. 1872ರಲ್ಲಿ ಕೋಫುಕುಜಿ ಎಂಬ ದೇವಾಲಯ ಕಾನೂನಿನ ಲೆಕ್ಕದಲ್ಲಿ ಇಲ್ಲವಾಯಿತು.

ಆಮೇಲೆ ನಡೆದದ್ದೆಲ್ಲ ಕಚೇರಿ ಕೆಲಸದಂತೆ ನಡೆಯಿತು. ಗೋಡೆ ಬಿತ್ತು, ಅಂಗಳದಲ್ಲಿ ಗಿಡ ನೆಟ್ಟರು. 1717ರ ಬೆಂಕಿಯ ನಂತರ ಚಿಕ್ಕದಾಗಿ ಮತ್ತೆ ಕಟ್ಟಿದ್ದ ಮುಖ್ಯ ಬಂಗಾರಮಂಟಪ ಸರ್ಕಾರಿ ಕಚೇರಿಯಾಯಿತು. ಭಿಕ್ಷುಗಳ ಭೋಜನಶಾಲೆಯನ್ನು ಕೆಡವಿ ಆ ಜಾಗದಲ್ಲಿ ಶಿಕ್ಷಕರ ತರಬೇತಿಗೆ ಪಾಶ್ಚಾತ್ಯ ಶೈಲಿಯ ಕಟ್ಟಡ ಕಟ್ಟಿದರು. ಇಚಿಜೋಇನ್ ಪೀಠದ ವಾಸದ ಅರಮನೆ ಮೊದಲು ಜಿಲ್ಲಾಡಳಿತ ಕಚೇರಿಯಾಗಿ, ಆಮೇಲೆ ನ್ಯಾಯಾಲಯವಾಗಿ ಬಳಕೆಯಾಯಿತು. ಹದಿನೇಳನೆಯ ಶತಮಾನದ ಆ ಕಟ್ಟಡದ ಕತೆ ಅಲ್ಲಿಗೆ ಮುಗಿಯಲಿಲ್ಲ. 1960ರ ದಶಕದಲ್ಲಿ ಅದನ್ನು ಹಲಗೆ ಹಲಗೆಯಾಗಿ ಬಿಚ್ಚಿ ತೋಶೋದೈಜಿಗೆ ಸಾಗಿಸಿ ಮರುಜೋಡಿಸಿದರು. ಜಪಾನಿಗೆ ಬರಲು ಐದು ಸಲ ವಿಫಲನಾಗಿ, ಆರನೆಯ ಪ್ರಯತ್ನದಲ್ಲಿ 753ರಲ್ಲಿ ದಡ ಸೇರಿದ ಚೀನಾದ ಕುರುಡು ಭಿಕ್ಷು ಗಂಜಿನ್‌ನ ಮೂರ್ತಿ ಇಂದು ಅದರೊಳಗಿದೆ. ಜೂನ್ ಮೊದಲ ವಾರದಲ್ಲಿ ಕೆಲವೇ ದಿನ ಆ ಮೂರ್ತಿಯ ದರ್ಶನ. ಅದಕ್ಕೆ ಸಾಲುಗಟ್ಟಿ ನಿಲ್ಲುವವರಲ್ಲಿ ತಾವು ಹಳೆಯ ಕೋರ್ಟು ಕಚೇರಿಯೊಂದರ ಹೊಸ್ತಿಲು ದಾಟುತ್ತಿದ್ದೇವೆಂದು ಅರಿತವರು ವಿರಳ.

ಜಿಂಕೆಗಳಿಗೂ ಕೇಡುಗಾಲ ಬಂತು. ದೇವರ ಜಿಂಕೆಯನ್ನು ಕೊಂದವನಿಗೆ ಮರಣದಂಡನೆ ಎಂಬ ಭಯ ಒಂದು ಕಾಲಕ್ಕೆ ನಾರಾದಲ್ಲಿ ಇತ್ತು. ಹೊಸ ಕಾಲದಲ್ಲಿ ಅವು ಬೆಳೆ ಮೇಯುವ ಪ್ರಾಣಿಗಳಷ್ಟೇ. ಆಗಿನ ಅಧಿಕಾರಿಯೊಬ್ಬ ಜಿಂಕೆ ಮಾಂಸದ ಅಡುಗೆ ಮಾಡಿಸಿಕೊಂಡು ಉಂಡನೆಂಬ ಕತೆ ಊರಲ್ಲಿ ಇಂದಿಗೂ ಓಡಾಡುತ್ತದೆ. 1873ರ ಹೊತ್ತಿಗೆ ಉಳಿದದ್ದು 38 ಜಿಂಕೆಗಳು. ಇಂದು ಉದ್ಯಾನದಲ್ಲಿರುವ ಸಾವಿರಕ್ಕೂ ಮಿಕ್ಕ ಜಿಂಕೆಗಳು ಆಮೇಲಿನ ರಕ್ಷಣೆಯ ಫಲ.

ಪಗೋಡದ ಕತೆ ಎಲ್ಲಕ್ಕಿಂತ ಹೆಚ್ಚು ಪ್ರಸಿದ್ಧ. ಮೊದಲ ಪಗೋಡ ಕಟ್ಟಿಸಿದ್ದು 730ರಲ್ಲಿ ಸಾಮ್ರಾಜ್ಞಿ ಕೋಮ್ಯೋ. ಬೆಂಕಿಗೆ ಮತ್ತೆ ಮತ್ತೆ ಆಹುತಿಯಾಗಿ ಈಗಿರುವುದು 1426ರದ್ದು. ಇದನ್ನು ಮಾರಾಟಕ್ಕಿಟ್ಟರಂತೆ. ಬೆಲೆ 25 ಯೆನ್ ಎನ್ನುವವರುಂಟು, 250 ಯೆನ್ ಎನ್ನುವವರೂ ಉಂಟು. ಕೊಂಡವನಿಗೆ ಬೇಕಿದ್ದದ್ದು ಶಿಖರದ ಮೇಲಿನ ಲೋಹದ ಕಂಬ, ಬಳೆ, ಗಂಟೆಗಳು. ಬಿಚ್ಚಿ ಇಳಿಸುವ ಕೂಲಿಯೇ ಬೆಲೆಗಿಂತ ಜಾಸ್ತಿಯಾಗುತ್ತದೆಂದು ಲೆಕ್ಕ ಹಾಕಿ, ಪಗೋಡಕ್ಕೇ ಬೆಂಕಿ ಕೊಟ್ಟು ಬೂದಿಯಿಂದ ಲೋಹ ಹೆಕ್ಕಿಕೊಳ್ಳುವುದೆಂದು ನಿಶ್ಚಯಿಸಿದ. ಕಿಡಿ ಹಾರಿ ತಮ್ಮ ಮನೆಗಳೂ ಸುಟ್ಟಾವೆಂದು ಸುತ್ತಲಿನವರು ಅಡ್ಡ ಬಂದರು. ವ್ಯವಹಾರ ಮುರಿದುಬಿತ್ತು. ಬೆಲೆಯ ಮೊತ್ತ ಒಬ್ಬೊಬ್ಬರ ಬಾಯಲ್ಲಿ ಒಂದೊಂದಾಗಿರುವ ಈ ಕತೆಯನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಪಗೋಡ ಉಳಿದದ್ದು ಯಾರದೋ ಭಕ್ತಿಯಿಂದ ಎಂದು ನಾರಾದವರು ಹೇಳಿಕೊಳ್ಳದೆ, ನೆರೆಹೊರೆಯವರ ಹೆದರಿಕೆಯಿಂದ ಎಂದು ಹೇಳಿಕೊಂಡು ಬಂದಿದ್ದಾರೆ. ಆ ಕಾಲದ ಮನಸ್ಥಿತಿಯ ಬಗ್ಗೆ ಅದಕ್ಕಿಂತ ಪ್ರಾಮಾಣಿಕ ಸಾಕ್ಷ್ಯ ಸಿಗುವುದು ಕಷ್ಟ.

ಹೆದರುವ ನೆರೆಹೊರೆಯೂ ಇಲ್ಲದ ಕಡೆ ಏನಾಯಿತೆಂದು ನೋಡಬೇಕಾದರೆ ನಾರಾದಿಂದ ದಕ್ಷಿಣಕ್ಕೆ, ಈಗಿನ ತೆನ್ರಿ ನಗರದ ಅಂಚಿಗೆ ಹೋಗಬೇಕು. ಬೆಟ್ಟದ ಬುಡದ ಹಳೆಯ ಕಾಲುದಾರಿಯ ಬದಿಯಲ್ಲಿ ಒಂದು ಕೊಳವಿದೆ. ದಂಡೆಯ ಮೇಲೆ ಚೆರ್ರಿ ಮರಗಳು, ಕವಿ ಬಾಶೋನ ಹೈಕು ಕೆತ್ತಿದ ಒಂದು ಕಲ್ಲು, ಒಂದು ಮಾಹಿತಿ ಫಲಕ. ಹನ್ನೆರಡನೆಯ ಶತಮಾನದಲ್ಲಿ ಚಕ್ರವರ್ತಿ ತೋಬಾನ ಇಚ್ಛೆಯಂತೆ ಹುಟ್ಟಿದ ಎಯ್ಕ್ಯೂಜಿ ಇಲ್ಲಿತ್ತು. ಐವತ್ತಕ್ಕೂ ಹೆಚ್ಚು ಕಟ್ಟಡಗಳಿದ್ದ, ವೈಭವದಲ್ಲಿ ನಿಕ್ಕೋವಿಗೆ ಹೋಲಿಸಲಾಗುತ್ತಿದ್ದ ದೇವಾಲಯ. ಇದರ ಭಿಕ್ಷುಗಳೂ ಹತ್ತಿರದ ಇಸೊನೊಕಾಮಿ ಗುಡಿಯ ಅರ್ಚಕರಾದರು. ಕಟ್ಟಡಗಳನ್ನು ಬಿಚ್ಚಿದರು, ಮಾರಿದರು, ಹೊತ್ತೊಯ್ದರು. ಒಂದು ಚಿತ್ರಪಟ ಸಮೂಹ ಅಮೆರಿಕದ ಬಾಸ್ಟನ್ ಸೇರಿತು. ಈಗ ರಾಷ್ಟ್ರನಿಧಿ ಎನ್ನಿಸಿಕೊಂಡಿರುವ ಇನ್ನೊಂದು ಒಸಾಕಾದ ಫುಜಿತಾ ವಸ್ತುಸಂಗ್ರಹಾಲಯದಲ್ಲಿದೆ. ಇದ್ದ ಪ್ರದೇಶದಲ್ಲೇ ಉಳಿದ ಒಂದೇ ಕಟ್ಟಡವೆಂದರೆ ಸಣ್ಣದೊಂದು ಪೂಜಾಮಂಟಪ. 1914ರಲ್ಲಿ ಅದನ್ನು ಇಸೊನೊಕಾಮಿ ಗುಡಿಯ ಆವರಣಕ್ಕೆ ಸಾಗಿಸಿದರು, ಅದೂ ಇಂದು ರಾಷ್ಟ್ರನಿಧಿ. ಬೌದ್ಧ ದೇವಾಲಯವೊಂದರ ಕೊನೆಯ ತುಂಡು ಶಿಂಟೊ ಗುಡಿಯ ಆಸರೆಯಲ್ಲಿ ಬದುಕಿದೆ.

ದಾಸ್ತಾನು ಬರೆಯಲು ಬಂದವರು

ವಿಚಿತ್ರವೆಂದರೆ ಜಮೀನು ಕಿತ್ತುಕೊಂಡ ಸರ್ಕಾರವೇ ಅದೇ 1871ರಲ್ಲಿ ಹಳೆಯ ವಸ್ತುಗಳನ್ನು ಕಾಪಾಡಬೇಕೆಂಬ ಇನ್ನೊಂದು ಆಜ್ಞೆಯನ್ನೂ ಹೊರಡಿಸಿತು. ಒಂದು ಇಲಾಖೆ ಕೆಡವುತ್ತಿದ್ದಾಗ ಇನ್ನೊಂದು ಪಟ್ಟಿ ಮಾಡಲು ಹೊರಟಿತ್ತು. 1873ರ ವಿಯೆನ್ನಾ ವಿಶ್ವ ವಸ್ತುಪ್ರದರ್ಶನಕ್ಕೆ ಜಪಾನ್ ಸಜ್ಜಾಗುತ್ತಿದ್ದ ದಿನಗಳವು. ಜಗತ್ತಿನ ಮುಂದೆ ಇಡಲು ನಮ್ಮಲ್ಲಿ ಏನಿದೆ ಎಂಬ ಪ್ರಶ್ನೆ ಹುಟ್ಟಿತ್ತು.

1872ರಲ್ಲಿ ಮಾಚಿದಾ ಹಿಸನಾರಿ, ನಿನಾಗಾವ ನೊರಿತಾನೆ ಮೊದಲಾದ ಅಧಿಕಾರಿಗಳ ತಂಡ ಛಾಯಾಗ್ರಾಹಕ ಯೊಕೊಯಾಮಾ ಮಾತ್ಸುಸಾಬುರೊ ಜೊತೆಗೆ ಹಳೆಯ ದೇವಾಲಯಗಳನ್ನು ಸುತ್ತಿತು. ಆಗಸ್ಟ್‌ನಲ್ಲಿ ತೋದೈಜಿಯ ಶೋಸೋಇನ್ ಭಂಡಾರದ ಮುದ್ರೆ ಒಡೆದು ಒಳಹೊಕ್ಕಿತು. ತ್ರಿಕೋನ ಮರದ ತೊಲೆಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಈ ಉಗ್ರಾಣದಲ್ಲಿ, ಸಾಮ್ರಾಜ್ಞಿ ಕೋಮ್ಯೋ 756ರಲ್ಲಿ ತನ್ನ ಗಂಡ ಚಕ್ರವರ್ತಿ ಶೋಮುವಿನ ವಸ್ತುಗಳನ್ನು ಮಹಾಬುದ್ಧನಿಗೆ ಅರ್ಪಿಸಿದಂದಿನಿಂದ ಸಾವಿರಾರು ವಸ್ತುಗಳು ಸುರಕ್ಷಿತವಾಗಿದ್ದವು. ಭಾರತ ಮೂಲದ್ದೆನ್ನಲಾದ ಐದು ತಂತಿಯ ವೀಣೆ ಅವುಗಳಲ್ಲೊಂದು. ಆ ಬಗೆಯ ಪ್ರಾಚೀನ ವಾದ್ಯ ಜಗತ್ತಿನಲ್ಲಿ ಇನ್ನೆಲ್ಲೂ ಉಳಿದಿಲ್ಲ. ಭಾರತದ ಭಿಕ್ಷು ಬೋಧಿಸೇನ 736ರಲ್ಲಿ ಜಪಾನಿಗೆ ಬಂದವನು. 752ರಲ್ಲಿ ತೋದೈಜಿಯ ಮಹಾಬುದ್ಧನಿಗೆ ಕಣ್ಣು ಬರೆದು ಪ್ರಾಣಪ್ರತಿಷ್ಠೆ ಮಾಡಿದವನೂ ಅವನೇ. ಅವನ ಕೈಯ ಕುಂಚಕ್ಕೆ ಕಟ್ಟಿದ ಉದ್ದನೆಯ ನೀಲಿ ದಾರವನ್ನು ನೆರೆದ ಜನ ಹಿಡಿದುಕೊಂಡು ಆ ಪುಣ್ಯದಲ್ಲಿ ಪಾಲು ಪಡೆದರು. ಆ ಕುಂಚವೂ, ಸುಮಾರು 200 ಮೀಟರ್ ಉದ್ದದ ಆ ದಾರದ ಸುರುಳಿಯೂ ಇದೇ ಭಂಡಾರದ ಸ್ವತ್ತು.

ತೋದೈಜಿಯ ಸ್ಥಿತಿ ಕೋಫುಕುಜಿಯಷ್ಟು ಹದಗೆಡಲಿಲ್ಲ. ಮಹಾಬುದ್ಧನನ್ನು ನೋಡಲು ಯಾವ ಕಾಲಕ್ಕೂ ಜನ ಬರುತ್ತಿದ್ದರು. 1709ರಲ್ಲಿ ಮೂರನೆಯ ಬಾರಿ ಎದ್ದು ನಿಂತ ಅದರ ಮಂಟಪ ಊರೂರು ಸುತ್ತಿ ಚಂದಾ ಎತ್ತಿ ಕಟ್ಟಿದ್ದು. ಆದರೂ ಉಂಬಳಿ ಹೋದ ಮೇಲೆ ಅದೂ ಕೆಲಕಾಲ ಬೇರೊಂದು ಪಂಥದ ಅಧೀನಕ್ಕೆ ಸೇರಬೇಕಾಯಿತು. ಮಂಟಪದ ಚಾವಣಿ ಭಾರಕ್ಕೆ ಜಗ್ಗಿ, ಸೂರಿಗೆ ಆಸರೆ ಕಂಬ ಕೊಡಬೇಕಾಗಿತ್ತು. 1875ರಲ್ಲಿ ಅದೇ ಮಂಟಪದಲ್ಲಿ, ಸುತ್ತಲ ಪ್ರಾಕಾರಗಳಲ್ಲಿ ನಾರಾದ ಮೊದಲ ವಸ್ತುಪ್ರದರ್ಶನ ನಡೆಯಿತು. ಶೋಸೋಇನ್‌ನ ನಿಧಿಗಳನ್ನು ಸಾಮಾನ್ಯ ಜನ ಕಣ್ಣಾರೆ ಕಂಡದ್ದು ಆಗಲೇ. 80 ದಿನಗಳಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಬಂದರು. ಹಳೆಯ ವಸ್ತುಗಳನ್ನು ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆಂಬುದು ನಾರಾದ ವರ್ತಕರಿಗೆ ಮನದಟ್ಟಾಯಿತು. ಉದ್ಯಾನವನ್ನು 1880ರಲ್ಲಿ ವಿಧಿವತ್ತಾಗಿ ತೆರೆದರು. ಮರುವರ್ಷ ಕೋಫುಕುಜಿಗೆ ಮತ್ತೆ ದೇವಾಲಯವಾಗಲು ಅನುಮತಿ ಸಿಕ್ಕಿತು. ಹೆಸರು ಮರಳಿತು, ಜಮೀನು ಮರಳಲಿಲ್ಲ.

ಹೋರ್ಯೂಜಿ ಬದುಕಿಕೊಂಡ ಬಗೆ ಬೇರೆ. 1878ರಲ್ಲಿ ಅದು ತನ್ನ ಮುನ್ನೂರಕ್ಕೂ ಹೆಚ್ಚು ನಿಧಿಗಳನ್ನು ರಾಜಮನೆತನಕ್ಕೆ ‘ಕಾಣಿಕೆ’ಯಾಗಿ ಒಪ್ಪಿಸಿ, ಪ್ರತಿಯಾಗಿ 10,000 ಯೆನ್ ಪಡೆಯಿತು. ಜಗತ್ತಿನ ಅತ್ಯಂತ ಹಳೆಯ ಮರದ ಕಟ್ಟಡಗಳ ಸೂರು ಸೋರದಂತೆ ಉಳಿಸಿದ್ದರಲ್ಲಿ ಆ ಹಣದ ಪಾಲು ದೊಡ್ಡದು. ಹೋದ ನಿಧಿಗಳಲ್ಲಿ ಸಂಸ್ಕೃತದ ಪ್ರಜ್ಞಾಪಾರಮಿತಾ ಹೃದಯಸೂತ್ರವನ್ನು ಬರೆದ ತಾಳೆಗರಿಗಳೂ ಇದ್ದವು. ಮ್ಯಾಕ್ಸ್ ಮುಲ್ಲರ್ ಅವುಗಳ ಪಾಠವನ್ನು 1884ರಲ್ಲಿ ಪ್ರಕಟಿಸಿದ. ಇಂದು ಅವು ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹೋರ್ಯೂಜಿಯ ನಿಧಿಗಳಿಗೆಂದೇ ಮೀಸಲಾದ ಕಟ್ಟಡದಲ್ಲಿವೆ. ಹೋರ್ಯೂಜಿ ನೋಡಲು ನಾರಾಕ್ಕೆ ಹೋದವರು ಅದರ ಅರ್ಧ ನೋಡಿದಂತೆ. ಉಳಿದರ್ಧ ಟೋಕಿಯೋದ ಊಏನೋ ಉದ್ಯಾನದಲ್ಲಿದೆ.

ಅಸುರನ ಮುರಿದ ಕೈ

ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು 1878ರಲ್ಲಿ ಅಮೆರಿಕದಿಂದ ಬಂದ ಅರ್ನೆಸ್ಟ್ ಫೆನೊಲೋಸಾ ಜಪಾನೀ ಕಲೆಗೆ ಮಾರುಹೋದವನು. ಅವನ ಶಿಷ್ಯ, ದುಭಾಷಿ ಒಕಾಕುರಾ ಕಾಕುಜೊ. 1884ರ ಬೇಸಿಗೆಯಲ್ಲಿ ಇಬ್ಬರೂ ಸರ್ಕಾರದ ಪತ್ರ ಹಿಡಿದು ಹೋರ್ಯೂಜಿಯ ‘ಕನಸಿನ ಮಂಟಪ’ದ ಮುಂದೆ ನಿಂತರು. ಒಳಗಿನ ಕಾನ್ನೊನ್ ಎಂಬ ಬೋಧಿಸತ್ವನ ವಿಗ್ರಹವನ್ನು ಶತಮಾನಗಳಿಂದ ಯಾರೂ ನೋಡಿರಲಿಲ್ಲ. ತೆರೆದರೆ ಸಿಡಿಲು ಬಡಿಯುತ್ತದೆ, ಭೂಮಿ ನಡುಗುತ್ತದೆ ಎಂದು ಭಿಕ್ಷುಗಳು ಬೇಡಿಕೊಂಡರು. ಬೀಗ ತೆರೆಯಿತು. ಸುತ್ತಿದ್ದ ಬಟ್ಟೆ ಸುಮಾರು 500 ಗಜ ಇತ್ತೆಂದು ಫೆನೊಲೋಸಾ ಬರೆದಿದ್ದಾನೆ. ಒಂದೊಂದೇ ಸುತ್ತು ಬಿಚ್ಚುತ್ತ ಹೋದಂತೆ ದಟ್ಟ ಧೂಳಿನೊಳಗಿಂದ ಬಂಗಾರದ ಲೇಪ ಮಾಸದ ಏಳನೆಯ ಶತಮಾನದ ಮೂರ್ತಿ ಹೊರಬಂತು.

1888ರಲ್ಲಿ ಸರ್ಕಾರ ನಿಧಿಗಳ ದೊಡ್ಡ ಸಮೀಕ್ಷೆ ಕೈಗೊಂಡಾಗ ಫೆನೊಲೋಸಾ ನಾರಾದ ಜೋಕ್ಯೋಜಿ ದೇವಾಲಯದಲ್ಲಿ ಊರವರನ್ನು ಉದ್ದೇಶಿಸಿ ಮಾತನಾಡಿದ. ಈ ವಸ್ತುಗಳು ನಾರಾದ ಸ್ವತ್ತಷ್ಟೇ ಅಲ್ಲ, ಇಡೀ ಲೋಕದ ಸ್ವತ್ತು, ಇವನ್ನು ಕಾಯುವ ಹೊಣೆ ನಿಮ್ಮದು ಎಂಬುದು ಅವನ ಮಾತಿನ ತಿರುಳು. ಇಪ್ಪತ್ತು ವರ್ಷ ಹಿಂದೆ ಯಾರದೂ ಅಲ್ಲದಂತೆ ಬಿದ್ದಿದ್ದ ವಸ್ತುಗಳಿಗೆ ಈಗ ಹೊಸ ಒಡೆತನದ ಮಾತು ಬಂದಿತ್ತು.

ಅದೇ ಸಮೀಕ್ಷೆಯಲ್ಲಿ ಒಗಾವಾ ಕಾಜುಮಾಸಾ ತೆಗೆದ ಛಾಯಾಚಿತ್ರವೊಂದರಲ್ಲಿ ಕೋಫುಕುಜಿಯ ಅಶುರ ಇದ್ದಾನೆ. ನಮ್ಮ ಪುರಾಣದ ಅಸುರನೇ ಇವನು. ಇಂದ್ರನೊಡನೆ ಸೆಣಸಿ, ಕೊನೆಗೆ ಬುದ್ಧನ ಮಾತಿಗೆ ಮನಸೋತು ಧರ್ಮಪಾಲಕನಾದವನು. ಗರುಡ, ಗಂಧರ್ವ, ಕಿನ್ನರರ ಜೊತೆ ಎಂಟು ಪರಿವಾರ ದೇವತೆಗಳಲ್ಲಿ ಒಬ್ಬ. ಮೂರು ಮುಖ, ಆರು ಕೈ, 153 ಸೆಂಟಿಮೀಟರ್ ಎತ್ತರ. ರಾಕ್ಷಸನ ಅಬ್ಬರವೇನೂ ಇಲ್ಲ. ಎಳೆಯ ಹುಡುಗನ ತೆಳು ಮೈ, ಕಡ್ಡಿಯಂಥ ತೋಳುಗಳು, ಹುಬ್ಬುಗಳ ನಡುವೆ ಸಣ್ಣದೊಂದು ಗಂಟು. ಕೋಮ್ಯೋ ತನ್ನ ತಾಯಿಯ ವರ್ಷಾಬ್ದಿಕಕ್ಕೆಂದು 734ರಲ್ಲಿ ಕಟ್ಟಿಸಿದ ಪಶ್ಚಿಮ ಮಂಟಪಕ್ಕಾಗಿ ಮಾಡಿದ ಮೂರ್ತಿ. ಮಣ್ಣಿನ ಅಚ್ಚಿನ ಮೇಲೆ ಅರಗಿನಂಥ ಮರದ ಮೇಣದಲ್ಲಿ ಅದ್ದಿದ ಸೆಣಬಿನ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ, ಒಣಗಿದ ಮೇಲೆ ಒಳಗಿನ ಮಣ್ಣು ತೆಗೆದು ಟೊಳ್ಳು ಮಾಡಿದ್ದು. ತೂಕ ಸುಮಾರು 15 ಕಿಲೊ. ಮಂಟಪಕ್ಕೆ ಬೆಂಕಿ ಬಿದ್ದಾಗಲೆಲ್ಲ ಭಿಕ್ಷುಗಳು ಹೊತ್ತುಕೊಂಡು ಓಡಬಲ್ಲಷ್ಟು ಹಗುರ. 1717ರ ಬೆಂಕಿಯಲ್ಲಿ ಪಶ್ಚಿಮ ಮಂಟಪ ಸುಟ್ಟು ಮತ್ತೆಂದೂ ಏಳಲಿಲ್ಲ, ಅಶುರ ಉಳಿದ.

1888ರ ಚಿತ್ರದಲ್ಲಿ ಎದೆಯ ಮುಂದಿನ ಬಲಗೈ ಮೊಣಕೈಯಿಂದಾಚೆ ಇಲ್ಲ. 1900ರ ದಶಕದ ಆರಂಭದಲ್ಲಿ ನಿಹೊನ್ ಬಿಜುತ್ಸುಇನ್ ಎಂಬ ಕಲಾಸಂಸ್ಥೆಯ ಶಿಲ್ಪಿ ನೀರೊ ಚುನೊಸುಕೆ ಮತ್ತು ಸಂಗಡಿಗರು ಅದನ್ನು ಜೋಡಿಸಿದರು. ಆ ಸಂಸ್ಥೆ ಕಟ್ಟಿದ್ದು ಒಕಾಕುರಾ. ಇಂದು ಮೂರ್ತಿಯ ಮುಂದೆ ನಿಂತು ಗಮನವಿಟ್ಟು ನೋಡಿದರೆ ಮುಗಿದ ಕೈಗಳು ಎದೆಯ ನಡುಗೆರೆಗೆ ಸರಿಯಾಗಿ ಕೂತಿಲ್ಲ, ತುಸು ಪಕ್ಕಕ್ಕೆ ಸರಿದಿವೆ. ಮೂಲದಲ್ಲಿ ಕೈ ಮುಗಿದಿತ್ತೇ, ಏನನ್ನಾದರೂ ಹಿಡಿದಿತ್ತೇ ಎಂದು ವಿದ್ವಾಂಸರು ಬಹುಕಾಲ ಚರ್ಚಿಸಿದ್ದಾರೆ. 2009ರಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ ಒಳಮೈಯನ್ನೂ ನೋಡಿದ್ದಾರೆ. ಮೂರ್ತಿ ಈಗಿರುವುದು 1959ರಲ್ಲಿ ತೆರೆದ ನಿಧಿಭವನದಲ್ಲಿ. ಆ ಭವನ ನಿಂತಿರುವುದು ಶಿಕ್ಷಕರ ಶಾಲೆಗಾಗಿ ಕೆಡವಿದ ಭೋಜನಶಾಲೆಯ ಜಾಗದ ಮೇಲೆ.

ಉಳಿದದ್ದರ ಬೆಲೆ

1897ರ ಜೂನ್‌ನಲ್ಲಿ ಜಪಾನ್ ಪ್ರಾಚೀನ ಗುಡಿ-ದೇಗುಲಗಳ ಸಂರಕ್ಷಣಾ ಕಾಯ್ದೆಯನ್ನು ತಂದಿತು. ಪಟ್ಟಿಗೆ ಸೇರಿದ ಕಟ್ಟಡಗಳ ದುರಸ್ತಿಗೆ ಸರ್ಕಾರದ ಹಣ, ಪಟ್ಟಿಗೆ ಸೇರಿದ ವಸ್ತುಗಳ ಮಾರಾಟಕ್ಕೆ ನಿಷೇಧ. ಯುವ ವಾಸ್ತುಶಿಲ್ಪಿ ಸೆಕಿನೊ ತಾದಾಶಿ ನಾರಾ ಸೀಮೆಯ ಹಳೆಯ ಕಟ್ಟಡಗಳನ್ನೆಲ್ಲ ಸುತ್ತಿ, ಕಾಲ ಗೊತ್ತುಮಾಡಿ, ಯಾವುದು ಮೊದಲು ದುರಸ್ತಿಯಾಗಬೇಕೆಂದು ವರ್ಗೀಕರಿಸಿದ. ತೋದೈಜಿಯ ಜಗ್ಗಿದ ಚಾವಣಿಯ ಒಳಗೆ, ಹೊರಗಿನಿಂದ ಕಾಣದಂತೆ, ಇಂಗ್ಲೆಂಡಿನಿಂದ ತರಿಸಿದ ಉಕ್ಕಿನ ತೊಲೆಗಳನ್ನು ಕೂರಿಸಿದರು. 1913ರಲ್ಲಿ ಆ ಕೆಲಸ ಮುಗಿಯಿತು. 1949ರ ಜನವರಿ 26ರಂದು ಹೋರ್ಯೂಜಿಯ ಬಂಗಾರಮಂಟಪಕ್ಕೆ ಬೆಂಕಿ ಬಿದ್ದು, ಅಜಂತಾ ಚಿತ್ರಗಳ ಜೊತೆ ಹೋಲಿಸಲಾಗುತ್ತಿದ್ದ ಭಿತ್ತಿಚಿತ್ರಗಳು ಕರಕಲಾದವು. ಮರುವರ್ಷವೇ ಇಂದಿಗೂ ಜಾರಿಯಲ್ಲಿರುವ ಸಾಂಸ್ಕೃತಿಕ ಸ್ವತ್ತುಗಳ ಕಾಯ್ದೆ ಬಂತು. 1998ರಲ್ಲಿ ನಾರಾದ ಎಂಟು ತಾಣಗಳು ವಿಶ್ವಪರಂಪರೆಯ ಪಟ್ಟಿ ಸೇರಿದವು. ಅವುಗಳಲ್ಲಿ ಕೋಫುಕುಜಿಯೂ ಒಂದು, ಕಾಸುಗಾವೂ ಒಂದು.

ಈ ರಕ್ಷಣೆಗೂ ಒಂದು ಬೆಲೆ ತೆರಬೇಕಾಯಿತು. ದೀಪದ ಮಂದ ಬೆಳಕಿನಲ್ಲಿ ಪೂಜೆಗೊಳ್ಳುತ್ತಿದ್ದ ವಿಗ್ರಹಗಳು ಗಾಜಿನ ಹಿಂದೆ, ಹೆಸರು-ಕಾಲ-ಎತ್ತರ ಬರೆದ ಚೀಟಿಯ ಪಕ್ಕ ನಿಂತವು. ‘ಕಲೆ’ ಎಂಬ ಹೊಸ ಹೆಸರು ಸಿಗದಿದ್ದರೆ ಅವುಗಳಲ್ಲಿ ಎಷ್ಟೋ ಒಲೆಗೆ ಹೋಗುತ್ತಿದ್ದವು. 2009ರಲ್ಲಿ ಅಶುರ ಟೋಕಿಯೋಗೆ ಹೋದಾಗ ಎರಡು ತಿಂಗಳ ಆಸುಪಾಸಿನಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಬಂದು ನೋಡಿದರು. ಅವರಲ್ಲಿ ಕೈ ಮುಗಿದವರೂ ಇದ್ದರು, ಬರೀ ನೋಡಿದವರೂ ಇದ್ದರು. ಆ ಮಂದಿಯ ದುಡ್ಡು, ಅಭಿಮಾನಗಳೇ ಈಗ ಕೋಫುಕುಜಿಯ ಒಕ್ಕಲು. 1717ರಲ್ಲಿ ಸುಟ್ಟ ಮುಖ್ಯ ಬಂಗಾರಮಂಟಪ ತನ್ನ ಪೂರ್ಣ ಗಾತ್ರದಲ್ಲಿ ಮತ್ತೆ ಎದ್ದದ್ದು 2018ರಲ್ಲಿ. ಪಗೋಡಕ್ಕೂ ಸುಮಾರು 120 ವರ್ಷಗಳ ನಂತರ ದೊಡ್ಡ ದುರಸ್ತಿ ಕೈಗೊಂಡಿದ್ದಾರೆ.

1868ರಲ್ಲಿ ಬೇರ್ಪಟ್ಟದ್ದು ಕಾಗದದ ಮೇಲೆ ಮತ್ತೆ ಒಂದಾಗಿಲ್ಲ. ಕಾಸುಗಾ ಗುಡಿ, ಕೋಫುಕುಜಿ ಇಂದಿಗೂ ಕಾನೂನಿನ ಕಣ್ಣಲ್ಲಿ ಪ್ರತ್ಯೇಕ ಧಾರ್ಮಿಕ ಸಂಸ್ಥೆಗಳು. ಲೆಕ್ಕಪತ್ರ ಬೇರೆ, ಆಸ್ತಿ ಬೇರೆ, ಅರ್ಚಕರು ಬೇರೆ. ಆದರೂ ಪ್ರತಿ ವರ್ಷ ಜನವರಿ 2ರಂದು ಕೋಫುಕುಜಿಯ ಹಿರಿಯ ಭಿಕ್ಷು ತನ್ನ ಸಂಘದೊಡನೆ ಕಾಸುಗಾಕ್ಕೆ ಹೋಗಿ ಶಿಂಟೊ ದೇವರ ಸನ್ನಿಧಿಯಲ್ಲಿ ಬೌದ್ಧ ಪಾಠ ಪಠಿಸುತ್ತಾನೆ, ಶಿಂಟೊ ಅರ್ಚಕರು ಜೊತೆಗಿರುತ್ತಾರೆ. ಹೊಸವರ್ಷದ ಚಳಿಯಲ್ಲಿ ನಾರಾಕ್ಕೆ ಹೋಗುವವರು ಆ ಬೆಳಗ್ಗೆ ಅಲ್ಲಿದ್ದರೆ, 1868ರ ಸರ್ಕಾರದ ಆಜ್ಞೆ ಎಲ್ಲಿಯವರೆಗೆ ನಡೆಯಿತು, ಎಲ್ಲಿ ನಡೆಯಲಿಲ್ಲ ಎಂಬುದನ್ನು ಖುದ್ದಾಗಿ ನೋಡಬಹುದು.